ಮುಂದಿನ ಸೀಟಿನ ಡಬ್ಬಿ
ಮಲೇಶಿಯಾದ ಮೆಲಾಕಾದಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಫೌಸ್ಟಿನ್ ಡಾಕ್ಟರಿಗೆ ಶೂಟಿಂಗ್ ಕ್ಲಬ್ಬಿನಲ್ಲಿ ಗುರಿ ತಪ್ಪಿದರೂ ಬೇಸರವಿಲ್ಲ. ಮತ್ತೆ ಮದ್ದು ತುಂಬಬೇಕಾದ ಹಿತ್ತಾಳೆ ತೋಟೆಗಳಲ್ಲಿ ಕರಿಮದ್ದಿನ ಮಸಿ ಒಣಗಿತೋ, ಜೀವವೇ ಹೋದಂತಾಗುತ್ತದೆ. ಕೊನೆಯ ಗುಂಡು ಹಾರಿದ್ದೇ ತಡ, ಖಾಲಿ ತೋಟೆಗಳನ್ನೆಲ್ಲ ಹೆಕ್ಕಿ ಸಾಬೂನು ನೀರಿನ ಡಬ್ಬಿಗೆ ಇಳಿಸುತ್ತಾರೆ. ಯಾರಾದರೂ ಊಟಕ್ಕೆಂದು ಮಾಮಕ್ ಅಂಗಡಿಗೆ ಕರೆದರೆ, "ಮೊದಲು ಇವರ ಸ್ನಾನ ಆಗ್ಲಿ ಮಾರಾಯ, ಆಮೇಲೆ ನಮ್ಮ ಮಾಕಾನ್" ಎನ್ನುತ್ತಾರೆ. ಮನೆಗೆ ಹೋಗುವಾಗ ಡಬ್ಬಿ ಮುಂದಿನ ಸೀಟಿನಲ್ಲೇ ಕೂರಬೇಕು. ಕಾರಿನ ಕುಲುಕಾಟಕ್ಕೆ ಮಸಿ ಬಿಡುತ್ತದಂತೆ. ತಿರುವು ಬಂದರೆ ಅದಕ್ಕೆ "ಹೆದರಬೇಡ" ಎನ್ನುವುದೂ ಉಂಟು. "ಡಬ್ಬಿಗೂ ಬೆಲ್ಟಾ ಲಾ, ಡಾಕ್ಟ್ರೇ?" ಎಂದು ಮೊನ್ನೆ ಕ್ಲಬ್ಬಿನ ಸ್ಟೆಫನಿ ನಕ್ಕಳು. ಅವರು ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿದರು. "ಈ ಸೀಟಲ್ಲಿ ಬೆಲ್ಟ್ ಹಾಕದೆ ನನ್ನ ಹೆಂಡತಿ ತೀರಿಹೋದದ್ದೇ ಸಾಕು."