ತಡವಾದವರನ್ನೂ ತಲುಪಿಸುವ ಗಾಡಿಯಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗಲ್ಲಿಯ ಕೊನೆಯಲ್ಲಿ ನಿಂತ ಬಿಳಿ ವ್ಯಾನಿನ ಹಿಂಬಾಗಿಲು ಹಾರುಹೊಡೆದಿದೆ. ಒಳಗೆ ಮಂಡಿಯೂರಿ ಕೂತ ಹೆಂಗಸೊಬ್ಬರು ಗಾಲಿಕುರ್ಚಿಗಳನ್ನು ಬಿಗಿಯುವ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡುತ್ತಿದ್ದಾರೆ. ಸಡಿಲ ಅನಿಸಿದ್ದನ್ನು ಬಿಚ್ಚಿ ಮತ್ತೆ ಬಿಗಿಯುತ್ತಾರೆ. ಆಮೇಲೆ ಇಳಿಜಾರಿನ ಹಲಗೆಯನ್ನು ಕೆಳಗಿಳಿಸಿ, ಮಂಜಿಗೆ ಒದ್ದೆಯಾಗಿದ್ದನ್ನು ಹಳೆಯ ಟವೆಲಿನಿಂದ ಒರೆಸಿ, ತಾವೇ ಒಮ್ಮೆ ಹತ್ತಿಳಿದು ಪರೀಕ್ಷೆ ಮಾಡುತ್ತಾರೆ. ಕಾಲು ಜಾರಲಿಲ್ಲ. ಇನ್ನು ಹೊರಡಬಹುದು.

ಆಸ್ಪತ್ರೆಗೆ, ವ್ಯಾಯಾಮ ಚಿಕಿತ್ಸೆಗೆ, ಅಂಗವಿಕಲರ ಮಾಸಾಶನದ ತಪಾಸಣೆಗೆ ಹೋಗಬೇಕಾದವರನ್ನು ಮನೆಬಾಗಿಲಿಂದ ಕರೆದೊಯ್ದು ಮತ್ತೆ ಮನೆಗೆ ಮುಟ್ಟಿಸುವುದು ಇವರ ಕೆಲಸ. ದಿನಕ್ಕೆ ಹತ್ತೋ ಹನ್ನೆರಡೋ ಮಂದಿ. ಎಲ್ಲರ ಬಾಯಲ್ಲೂ ಇವರು ಗಾಡಿಯಕ್ಕ. ಇವರಿಗಿಂತ ಇಪ್ಪತ್ತು ವರ್ಷ ಹಿರಿಯರೂ ಹಾಗೇ ಕರೆಯುತ್ತಾರೆ.

ಯಾರ ಮನೆ ಮುಂದೆಯೂ ಗಾಡಿಯಕ್ಕ ಹಾರ್ನ್ ಹೊಡೆಯುವುದಿಲ್ಲ. ಇಳಿದು ಹೋಗಿ ಬಾಗಿಲು ತಟ್ಟುತ್ತಾರೆ. "ಹಾರ್ನ್ ಹೊಡೆದ್ರೆ ಗಾಬರಿ ಬಿದ್ದು ಏಳ್ತಾರೆ. ಗಾಬರಿಯಲ್ಲೇ ಅಲ್ವಾ ಜನ ಬೀಳೋದು" ಎನ್ನುತ್ತಾರೆ.

ಇವರು ಸ್ಟೀರಿಂಗ್ ಹಿಡಿದದ್ದು ನಲವತ್ತರ ಹತ್ತಿರ ಬಂದಮೇಲೆ. ಅದಕ್ಕೂ ಮುಂಚೆ ಒಂದು ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಿದ್ದರು. ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಗಾಲಿಕುರ್ಚಿ ಕಂಡರೆ ಸಾಕು, ಬಾಡಿಗೆ ಗಾಡಿಯವರು ಮುಖ ತಿರುಗಿಸಿಕೊಂಡು ಹೋಗಿಬಿಡುತ್ತಿದ್ದರು. ಹಾಗೇ ಕಾದು ಕಾದು ಒಮ್ಮೆ ಅತ್ತೆಯ ಮಾಸಾಶನದ ತಪಾಸಣೆಯ ಹೊತ್ತು ಮೀರಿಹೋಯಿತು. ಇನ್ನೇನು ಮಾಡುವುದು ಎಂದು ಅತ್ತೆ ಸೊಸೆ ಇಬ್ಬರೂ ಮನೆಗೆ ಬಂದು ಸುಮ್ಮನೆ ಕೂತರು. ಮಾಸಾಶನ ನಿಂತಿತು. ಕಾರಣ ಹೇಳಿ ಇನ್ನೊಂದು ದಿನ ಕೇಳಬಹುದಿತ್ತು ಎಂದು ಯಾರೋ ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು. ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು.

ಆ ಸಿಟ್ಟಿನಲ್ಲೇ ಅತ್ತೆ ಒಂದು ದಿನ, ಬೇರೆಯವರ ದಾರಿ ಕಾಯುವ ಬದಲು ನೀನೇ ಯಾಕೆ ಗಾಡಿ ಕಲಿಯಬಾರದು ಎಂದರಂತೆ. ಕಲಿಯುವಷ್ಟು ದಿನವೂ ಹಿಂದಿನ ಸೀಟಿನಲ್ಲಿ ಅತ್ತೆಯೇ ಸವಾರಿ. "ಕಲಿಸೋ ಮೇಷ್ಟ್ರು ಒಂದು ಹೇಳಿದ್ರೆ ಇವರು ನಾಲ್ಕು ಹೇಳೋರು. ಬ್ರೇಕು ಯಾವುದು ಅಂತ ಗೊತ್ತಿಲ್ಲ, ಆದ್ರೆ ಯಾವಾಗ ಒತ್ತಬೇಕು ಅಂತ ಮಾತ್ರ ಗೊತ್ತು!" ಎಂದು ಗಾಡಿಯಕ್ಕ ನಗುತ್ತಾರೆ.

ಗಾಡಿಯಕ್ಕನ ಹೆಸರು ನಾಲ್ಕು ಜನರ ಬಾಯಿಗೆ ಬಂದದ್ದು ಕಳೆದ ಚಳಿಗಾಲದಲ್ಲಿ. ಕಟ್ಟಡಕ್ಕೆ ಕಟ್ಟಿದ ಸಾರುವೆಯ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಗಾರೆ ಮೇಸ್ತ್ರಿಯೊಬ್ಬರಿಗೆ ಒಂದು ದಿನ ಮಾಸಾಶನದ ಮರುತಪಾಸಣೆ ಇತ್ತು. ಗಂಡ ಹೆಂಡತಿ ಇಬ್ಬರೂ ಬೆಳಗಾಗುವ ಮುಂಚೆಯೇ ತಯಾರಾಗಿ ಬಾಗಿಲಲ್ಲಿ ಕಾಯುತ್ತಿದ್ದರು. ಅರ್ಧ ದಾರಿಯಲ್ಲಿ, ಮೇಲ್ಸೇತುವೆಯ ನಡುಮಧ್ಯೆ ವ್ಯಾನು ಕೈಕೊಟ್ಟಿತು. ಕ್ಲಚ್ಚು ಸರಿಯಿಲ್ಲವೆಂದು ವ್ಯಾನಿನ ಮಾಲೀಕರಿಗೆ ಗಾಡಿಯಕ್ಕ ವಾರಗಳಿಂದ ಹೇಳುತ್ತಲೇ ಬಂದಿದ್ದರು; ಅವರು ನಾಳೆ ನಾಡಿದ್ದು ಎಂದು ದೂಡುತ್ತಲೇ ಬಂದಿದ್ದರು. ಗಾಲಿಕುರ್ಚಿ ಹಿಡಿಸುವ ಬೇರೆ ಗಾಡಿ ಸಿಗಲಿಲ್ಲ. ತಪಾಸಣೆ ಕಚೇರಿಯ ಫೋನನ್ನು ಯಾರೂ ಎತ್ತಲಿಲ್ಲ. ಮೆಕ್ಯಾನಿಕ್ಕು ಬಂದು ರಿಪೇರಿ ಮುಗಿಸುವ ಹೊತ್ತಿಗೆ ಕೊಟ್ಟ ಸಮಯ ಮುಗಿದೇ ಹೋಗಿತ್ತು.

ಮೇಸ್ತ್ರಿಯ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. "ಹೋಗ್ಲಿ ಬಿಡಿ ಅಕ್ಕ, ಮನೆಗೆ ಹೋಗೋಣ. ನಮ್ಮ ಹಣೇಲಿ ಇಷ್ಟೇ ಬರ್ದಿರೋದು" ಎಂದರು ಮೇಸ್ತ್ರಿ.

ಗಾಡಿಯಕ್ಕ ವ್ಯಾನನ್ನು ಕಚೇರಿಯ ಕಡೆಗೇ ತಿರುಗಿಸಿದರು. "ಈಗ ಮನೆಗೆ ಹೋದ್ರೆ, ಬರಲೇ ಇಲ್ಲ ಅಂತ ಬರ್ಕೋತಾರೆ. ಹೋಗಿ ಎದುರಿಗೆ ನಿಂತ್ರೆ, ಬಂದ್ರು, ಆದ್ರೆ ತಡ ಆಯ್ತು ಅಂತ ಬರ್ಕೋಬೇಕಾಗುತ್ತೆ. ಎರಡೂ ಒಂದೇ ಅಲ್ಲ."

ವೈದ್ಯರು ಆಗಲೇ ಹೊರಟುಹೋಗಿದ್ದರು. ಕಿಟಕಿಯಲ್ಲಿದ್ದ ಗುಮಾಸ್ತೆ ಕೆಲಸದಿಂದ ಸೋತಿದ್ದರೂ ಒಳ್ಳೆಯ ಹುಡುಗಿ. ತಡವಾದ ಕಾರಣವನ್ನು ಇಂದೇ ಬರೆದುಕೊಟ್ಟು, ಅದಕ್ಕೆ ಪುರಾವೆ ಇಟ್ಟರೆ ಹೊಸ ದಿನ ಕೇಳಬಹುದು ಎಂದಳು. ಗಾಡಿ ಕೆಟ್ಟದ್ದು ನಿಜವೆಂದು ಗಾಡಿಯವರೇ ಸಹಿ ಹಾಕಿದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದಳು.

ಇಕ್ಕಟ್ಟು ಶುರುವಾದದ್ದು ಅಲ್ಲೇ. ಮಾಲೀಕರಿಗೆ ಫೋನು ಮಾಡಿದರೆ, ಖಂಡಿತ ಹಾಗೆ ಬರೆಯಬೇಡ ಎಂದರು. ಗುತ್ತಿಗೆ ಹಿಡಿಯುವಾಗ ಗಾಡಿ ಸುಸ್ಥಿತಿಯಲ್ಲಿ ಇಡುವುದಾಗಿ ಅವರು ಆಸ್ಪತ್ರೆಗೆ ಮಾತು ಕೊಟ್ಟಿದ್ದರು. ಈ ವಿಷಯ ಹೊರಬಿದ್ದರೆ ಗುತ್ತಿಗೆಗೇ ಸಂಚಕಾರ. ಮನೆಯವರೇ ತಡವಾಗಿ ಹೊರಟರು ಎಂದು ಬರೆದುಬಿಡು, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದೂ ಸೇರಿಸಿದರು. ಮಾತು ಕಿವಿಗೆ ಬಿದ್ದು ಮೇಸ್ತ್ರಿಯೇ ಗಾಡಿಯಕ್ಕನ ಕೈ ಹಿಡಿದು, ಹಾಗೇ ಬರೆಯಿರಿ, ನನಗೋಸ್ಕರ ನಿಮ್ಮ ಹೊಟ್ಟೆಪಾಡು ಕಳ್ಕೋಬೇಡಿ ಎಂದು ಬೇಡಿಕೊಂಡರು.

ಗಾಡಿಯಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡು ಪೆನ್ನು ತೆಗೆದುಕೊಂಡರು. "ನಾನು ಬಂದಾಗ ನೀವು ತಯಾರಾಗಿ ಬಾಗಿಲಲ್ಲಿದ್ರಿ. ಅದನ್ನ ಇಲ್ಲ ಅನ್ನೋದಕ್ಕೆ ನನಗೆ ಬಾಯಿ ಬರಲ್ಲ" ಎಂದು ಹೇಳಿ, ನಡೆದದ್ದನ್ನು ನಡೆದಂತೆಯೇ ಬರೆದು, ಮೆಕ್ಯಾನಿಕ್ಕಿನ ಚೀಟಿಯನ್ನೂ ಲಗತ್ತಿಸಿದರು. ಇಷ್ಟು ಹೊತ್ತು ಕೂರಲು ಮೇಸ್ತ್ರಿಯ ಬೆನ್ನಿಗೆ ಆಗುತ್ತಿಲ್ಲ, ವೈದ್ಯರು ಮನೆಗೇ ಬರಬಹುದಾ ಎಂದು ಕೇಳುವುದನ್ನೂ ಮರೆಯಲಿಲ್ಲ. ಆಸ್ಪತ್ರೆಯ ವೈದ್ಯರಿಂದ ಒಂದು ಪತ್ರ ತಂದರೆ ಕೇಳಿಕೊಳ್ಳಬಹುದು ಎಂದಳು ಗುಮಾಸ್ತೆ. ಕೊಟ್ಟದ್ದಕ್ಕೆಲ್ಲ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಗಾಡಿಯಕ್ಕ ಅಲ್ಲಿಂದ ಕದಲಿದರು.

ಆದರೂ ಕಾರಣ ಸಾಲದೆಂದು ತೀರ್ಮಾನಿಸಿ ಕಚೇರಿಯವರು ಮುಂದಿನ ತಿಂಗಳು ಮಾಸಾಶನ ನಿಲ್ಲಿಸಿದರು. ಮೇಸ್ತ್ರಿಯ ಹೆಂಡತಿಗೆ ನಿಂತ ನೆಲವೇ ಕುಸಿದಂತಾಯಿತು. ಈ ಸಲ ಸುಮ್ಮನೆ ಕೂರುವ ಮಾತಿರಲಿಲ್ಲ. ತೀರ್ಮಾನವನ್ನು ಮರುಪರಿಶೀಲಿಸಿ ಎಂದು ಮೊಹರಿನ ಪ್ರತಿ, ಆಸ್ಪತ್ರೆಯ ವೈದ್ಯರ ಪತ್ರದ ಸಮೇತ ಮೇಸ್ತ್ರಿ ದಂಪತಿಯೂ ಗಾಡಿಯಕ್ಕನೂ ಸೇರಿ ಗಡುವಿನೊಳಗೇ ಬರೆದು ಕೊಟ್ಟರು. ಕೆಲವು ವಾರಗಳ ಮೇಲೆ ತಪಾಸಣೆಯ ವೈದ್ಯರು ಮನೆಗೇ ಬಂದರು. ಮಂಚದಿಂದ ಕುರ್ಚಿಗೆ ಬರಲು ಮೇಸ್ತ್ರಿ ಪಡುವ ಪಾಡನ್ನು ಕಣ್ಣಾರೆ ಕಂಡರು. ನಿಂತ ಮಾಸಾಶನ ಬಾಕಿ ಸಮೇತ ಮತ್ತೆ ಶುರುವಾಯಿತು.

ಇತ್ತ ಮಾಲೀಕರು ಹೇಳಿದಂತೆಯೇ ಗಾಡಿಯಕ್ಕನ ಕೈಯಿಂದ ಕೀಲಿ ಕಿತ್ತುಕೊಂಡಿದ್ದರು. ಹೊಸ ಚಾಲಕರು ಯಾರೂ ತುಂಬ ದಿನ ನಿಲ್ಲದ್ದರಿಂದ ಪೂರ್ತಿ ಬಿಡಿಸಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯಲು ಸಾಗಿಸುವ ಟೆಂಪೋಗೆ ಹಾಕಿದರು. "ಬಟ್ಟೆ ಮೂಟೆಗಳು ತುಂಬಾ ಒಳ್ಳೇವು. ಕಾಯಿಸಲ್ಲ, ನೋವು ಅನ್ನಲ್ಲ. ಆದ್ರೆ ಮಾತೂ ಆಡಲ್ಲವಲ್ಲ" ಎಂದು ಆ ದಿನಗಳನ್ನು ನೆನೆಯುತ್ತಾರೆ.

ಪ್ರಯಾಣಿಕರು ಮಾತ್ರ ಸುಮ್ಮನಿರಲಿಲ್ಲ. ರಕ್ತಶುದ್ಧಿಯ ಡಯಾಲಿಸಿಸ್‌ಗೆ ಹೋಗುವ ನಿವೃತ್ತ ಟೀಚರೊಬ್ಬರು ದಿನಾ ಬೆಳಗ್ಗೆ ಮಾಲೀಕರಿಗೆ ಫೋನು ಮಾಡಿ, ಇವತ್ತಾದರೂ ನಮ್ಮಕ್ಕ ಬರುತ್ತಾರಾ ಎಂದು ಸಮಾಧಾನದಿಂದಲೇ ವಿಚಾರಿಸುತ್ತಿದ್ದರು. ಉಳಿದವರೂ ಅದೇ ರೂಢಿ ಮಾಡಿಕೊಂಡರು. ಬೆಳಗಾದರೆ ಫೋನು ಕಂಡು ಬೆಚ್ಚಿಬೀಳುವಂತಾದ ಮಾಲೀಕರು ಕೊನೆಗೆ ಕ್ಲಚ್ಚು ಹೊಸದು ಹಾಕಿಸಿ ಕೀಲಿ ವಾಪಸ್ಸು ಕೊಟ್ಟರು.

ಈಗ ಯಾರದೇ ತಪಾಸಣೆ ತಪ್ಪಿದರೂ ಮೊದಲ ಫೋನು ಗಾಡಿಯಕ್ಕನಿಗೆ. ಇವರು ಕೊಡುವ ಉತ್ತರ ಹೆಚ್ಚುಕಮ್ಮಿ ಒಂದೇ: ಅಳೋದನ್ನ ಆಮೇಲೆ ಅಳೋಣ, ಮೊದಲು ಇವತ್ತೇ ಹೋಗಿ ಹೇಳೋಣ ನಡೀರಿ.

ಕೊನೆಯ ಪ್ರಯಾಣಿಕರನ್ನು ಇಳಿಸಿ ಹಲಗೆ ಮಡಚುತ್ತಿದ್ದ ಗಾಡಿಯಕ್ಕನನ್ನು, ನಿಮಗೇನಾದರೂ ಆಸೆ ಇದೆಯಾ, ಹೊಸ ಗಾಡಿ ಬೇಕಾ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ. ಟವೆಲನ್ನು ಹೆಗಲಿಗೆ ಹಾಕಿಕೊಂಡು ತುಸು ಯೋಚಿಸುತ್ತಾರೆ.

"ಆ ಕಚೇರಿ ಬಾಗಿಲಿಗೆ ಒಂದು ಬೋರ್ಡು ಹಾಕ್ಲಿ. ತಡವಾಗಿ ಬಂದವರೂ ಒಳಗೆ ಬನ್ನಿ ಅಂತ. ಸ್ವಲ್ಪ ದೊಡ್ಡಕ್ಷರದಲ್ಲಿ ಬರೆಸ್ಲಿ, ನಮ್ಮತ್ತೆಗೆ ಕಣ್ಣು ಮಂಜು."