ಮದ್ದೂರು ಛತ್ರದ ಊಟದ ಕರೆ

ಮದ್ದೂರಿನ ರೈಲ್ವೆ ನಿಲ್ದಾಣದ ದಾರಿಯಲ್ಲಿದ್ದ ಹಳೇ ಛತ್ರದಲ್ಲಿ ಕಸ್ತೂರಿರಂಗಯ್ಯಂಗಾರರು ಮೂವತ್ತೊಂದು ವರ್ಷ ಪಾರುಪತ್ಯ ಮಾಡಿದರು. ಪಾರುಪತ್ಯವೆಂದರೆ ದೊಡ್ಡ ದರ್ಬಾರೇನಲ್ಲ; ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿ ಗುಡಿಸುವುದು, ಬಂದವರಿಗೆ ಅನ್ನ ಬೇಯಿಸುವುದು. ಛತ್ರ ಕಟ್ಟಿಸಿದ ಆಂಡಾಳಮ್ಮ ಹಾಕಿಟ್ಟ ನೇಮ ಒಂದಿತ್ತು. ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿ, ಬೀದಿಗೆ ಮುಖ ಮಾಡಿ, "ಉಣ್ಣದೋರು ಯಾರಿದ್ದೀರಿ, ಬನ್ನೀ" ಎಂದು ಮೂರು ಸಲ ಕೂಗಿದ ಮೇಲೆಯೇ ಪಾರುಪತ್ಯಗಾರ ಉಣ್ಣಬೇಕು. ಹೆಂಡತಿ ಗೋದಮ್ಮ ದಿನವೂ "ಕರೆದಾಯ್ತಾ?" ಎಂದು ಕೇಳಿಯೇ ಬಡಿಸುತ್ತಿದ್ದರು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಆಂಡಾಳಮ್ಮನ ಮೊಮ್ಮಗ ಯೋಗಾನರಸಿಂಹ ಬೆಂಗಳೂರಿನಿಂದ ಬಂದು ಛತ್ರವನ್ನು ಹೋಟೆಲು ಮಾಡಲು ಹೊರಟ. ಕೆಡವಿ ಕಟ್ಟಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಈ ಮಹಾರಾಯ ಕೆಡವಲಿಲ್ಲ. ಕಂಬಗಳ ಸುಣ್ಣ ಕೆರೆಸಿ ಎಣ್ಣೆ ಹಚ್ಚಿಸಿದ, ಒರಳುಕಲ್ಲಿನಲ್ಲಿ ಹೂಗಿಡ ನೆಟ್ಟ, ಉಗ್ರಾಣವನ್ನು ಮೂರು ಕೋಣೆ ಮಾಡಿ ಬಿಸಿನೀರಿನ ನಲ್ಲಿ ಹಾಕಿಸಿದ. ಕೊಕ್ಕರೆ ಬೆಳ್ಳೂರಿನ ಹಕ್ಕಿ ನೋಡಲು ಕಾರಿನಲ್ಲಿ ಬರುವ ಜನಕ್ಕೆ ಹಳೆಯದರ ಹುಚ್ಚಂತೆ. ಅಯ್ಯಂಗಾರರಿಗೂ ಜರಿಪೇಟ ಸುತ್ತಿಸಿ ಬಾಗಿಲಲ್ಲಿ ನಿಲ್ಲಿಸಿದ.

"ಹಿಂದಿನ ಕೋಣೇಲಿ ನೀವೂ ಗೋದಮ್ಮನೋರೂ ಹಾಯಾಗಿರಿ ರಂಗಣ್ಣ. ಊಟ ಮಾತ್ರ ಇನ್ಮೇಲೆ ಬಂದಿಳಿದೋರಿಗಷ್ಟೇ."

"ಆಗಲಪ್ಪ" ಎಂದರು. ಕೀಲುನೋವಿನ ಹೆಂಡತಿಯನ್ನು ಕಟ್ಟಿಕೊಂಡು ಆ ವಯಸ್ಸಿನಲ್ಲಿ ಬೇರೆ ಎಲ್ಲಿಗೆ ಹೋಗುವುದು?

ಹೋಟೆಲಿನ ಮೊದಲ ದಿನ ಮಂಡ್ಯದ ಅಧಿಕಾರಿಗಳು, ಬೆಂಗಳೂರಿನ ನಂಟರಿಷ್ಟರು ಬಂದಿದ್ದರು. ಹಳೇ ಕಾಲದ ಹಾಗೆ ನೆಲದ ಮೇಲೇ ಎಲೆ ಹಾಕಿದ್ದರು. "ಆ ಗಂಟೆ ಒಂದ್ಸಲ ಬಾರಿಸಿ ರಂಗಣ್ಣ, ಇವರೂ ನೋಡಲಿ" ಎಂದ ಯೋಗಾನರಸಿಂಹ. ಬಾರಿಸಿದರು. ಬಾರಿಸಿದ್ದೇ ತಡ, ಬಾಯಿ ತನ್ನ ಪಾಡಿಗೆ ತಾನು ಮೂರು ಸಲ ಕೂಗಿಬಿಟ್ಟಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು.

ಬೀದಿಯಲ್ಲಿ ಬೆಳ್ಳೂರಿನ ಮಾಯಮ್ಮ ಹೋಗುತ್ತಿದ್ದಳು. ಮಂಡ್ಯದ ಮಗಳ ಮನೆಗೆ ಹೋಗುವಾಗಲೆಲ್ಲ ಛತ್ರದಲ್ಲಿ ಉಂಡು ಹೋಗುತ್ತಿದ್ದ ಮುದುಕಿ. ಕೂಗು ಕೇಳಿ ಗಂಟನ್ನು ಜಗಲಿಯ ಮೇಲಿಟ್ಟು, ಕಾಲು ತೊಳೆದು, ಯಾವಾಗಲೂ ಕೂರುವ ಕಂಬದ ಬುಡದಲ್ಲಿ ಖಾಲಿ ಎಲೆಯ ಮುಂದೆ ಕೂತಳು. ಬಡಿಸುವವರು ಬಡಿಸಿಯೂಬಿಟ್ಟರು.

ಎರಡು ತುತ್ತು ಉಂಡಿರಬೇಕು. ಯೋಗಾನರಸಿಂಹ ಬಂದು ಮೆಲ್ಲಗೆ ಕೇಳಿದ: "ಯಾರಮ್ಮ ನಿನ್ನ ಕರೆದೋರು?"

"ಅಯ್ನೋರು ಕೂಗುದ್ರಲ್ಲ ಬುದ್ದಿ" ಎಂದು ಮಾಯಮ್ಮ ಬಾಗಿಲ ಕಡೆ ನೋಡಿ ನಕ್ಕಳು.

"ಕರೆದ್ರಾ ರಂಗಣ್ಣ?"

ಪಂಕ್ತಿಯಲ್ಲಿದ್ದವರೆಲ್ಲ ತಿರುಗಿದರು. ಅಯ್ಯಂಗಾರರ ಕಣ್ಣ ಮುಂದೆ ಹಿಂದಿನ ಕೋಣೆ ಬಂತು.

"ನಾನು ಯಾರನ್ನೂ ಕರೀಲಿಲ್ಲಪ್ಪ."

ಆಗತಾನೆ ಚಪ್ಪಾಳೆ ತಟ್ಟಿದ್ದ ದೊಡ್ಡ ಮನುಷ್ಯರೆಲ್ಲ ತಂತಮ್ಮ ಎಲೆಯ ಕಡೆ ಬಗ್ಗಿದರು. ಮಾಯಮ್ಮ ಅಯ್ಯಂಗಾರರ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, "ಊ ಕಣಪ್ಪ, ಅವ್ರು ಕರೀನಿಲ್ಲ. ನಾನೇ ನುಗ್ಬುಟ್ಟೆ, ತಪ್ಪಾಯ್ತು" ಎಂದು ಅನ್ನವಿದ್ದ ಎಲೆಯನ್ನು ತಾನೇ ಮಡಿಚಿ ಎತ್ತಿಕೊಂಡು ಎದ್ದಳು. ಬಾಗಿಲು ದಾಟುವಾಗ ನಿಂತು ಕೇಳಿದಳು: "ಗೋದಮ್ನೋರು ಚೆಂದಾಗವ್ರಾ ಅಯ್ನೋರೆ?"

ಅಯ್ಯಂಗಾರರು ನೆಲ ನೋಡಿದರು.

ಆಮೇಲೂ ಆರು ವರ್ಷ, ಸಾಯುವವರೆಗೆ, ಅವರು ಆ ಗಂಟೆ ಬಾರಿಸಿದರು. ಕೂಗಲು ಮಾತ್ರ ಬಾಯಿ ಬಿಡಲಿಲ್ಲ. ಆದರೆ ಆ ದಿನದ ಊಟದ ಮಾತು ಹೇಳದಿದ್ದರೆ ಈ ಕಥೆ ಪೂರ್ತಿಯಾಗದು. ನಂಟರೆಲ್ಲ ಹೋದ ಮೇಲೆ ಅವರು ಹಿಂದಿನ ಕೋಣೆಗೆ ಬಂದು ಎಲೆಯ ಮುಂದೆ ಕೂತರು. ಗೋದಮ್ಮ ಸೌಟು ಹಿಡಿದು ಎಂದಿನಂತೆ ಕೇಳಿದರು.

"ಕರೆದಾಯ್ತಾ?"

"ಹೂಂ. ಕರೆದೆ."

"ಯಾರಾದ್ರೂ ಬಂದ್ರಾ?"

"ಬೆಳ್ಳೂರಿನ ಮಾಯಮ್ಮ ಬಂದಿದ್ದಳು. ನಿನ್ನ ಕೇಳಿದಳು."

"ಪಾಪ, ಹೊಟ್ಟೆ ತುಂಬ ಉಂಡು ಹೋದಳಾ?"

ಅಯ್ಯಂಗಾರರು ಬಡಿಸಿದ ಎಲೆಯನ್ನು ಹಾಗೇ ಮಡಿಚಿ ಎದ್ದರು.