ಜಾಲಹಳ್ಳಿಯ ಹನುಮವ್ವನ ತಂಗಿ

ರಾಯಚೂರಿನಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ಬಿಟ್ಟಿ ಟಿಕೆಟ್ ಕೊಟ್ಟ. ಸೀಟು ಮಾತ್ರ ದೇವದುರ್ಗದವರೆಗೂ ಸಿಗಲಿಲ್ಲ. ನಿಜಾಮನ ಕಾಲದ ರಜಾಕಾರರ ಹಾವಳಿಯನ್ನು ಕಣ್ಣಾರೆ ಕಂಡ ನಾಯಕ ಸಮುದಾಯದ ಹಿರಿಯರ ಮಾತನ್ನು ಧ್ವನಿಮುದ್ರಿಸುವುದು ನನ್ನ ಕೆಲಸ. ಪಟ್ಟಿಯಲ್ಲಿದ್ದ ಆರು ಜನರಲ್ಲಿ ನಾಲ್ವರು ನಾನು ತಲುಪುವ ಮೊದಲೇ ತೀರಿಕೊಂಡಿದ್ದರು. ಹಿಂದಿನ ದಿನ ಮಾನ್ವಿ ಕಡೆಯ ಕಲ್ಲೂರಿಗೆ ಹೋದರೆ ಅಲ್ಲಿನ ಅಜ್ಜನಿಗೆ ಮಗನ ಗುರುತೂ ಹತ್ತುತ್ತಿರಲಿಲ್ಲ. ಉಳಿದವರು ಜಾಲಹಳ್ಳಿಯ ಹನುಮವ್ವ ಒಬ್ಬರೇ.

ದೇವದುರ್ಗದ ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಸ್ಸು ಬದಲಿಸಿದೆ. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಜಾಲಹಳ್ಳಿ ತಲುಪಿದಾಗ ಹನುಮವ್ವ ಮನೆಯ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ರೆಕಾರ್ಡರ್ ಕಂಡದ್ದೇ ಷರತ್ತು ಹಾಕಿದರು.

"ನನ್ನ ಕಥಿ ಬ್ಯಾಡ. ನನ್ನ ತಂಗಿ ದುರುಗಿ ಹೆಸರು ಬರಕೋ ಯವ್ವಾ. ಸಾಲಿ ಪಟ್ಟಿಯೊಳಗ ಇಲ್ಲ, ರೇಷನ್ ಕಾರ್ಡಿನ್ಯಾಗ ಇಲ್ಲ. ನಾ ಸತ್ರ ಅಂಥಾಕಿ ಒಬ್ಬಾಕಿ ಇದ್ಲು ಅನ್ನೋದ ಯಾರಿಗೂ ಗೊತ್ತಾಗಂಗಿಲ್ಲ."

ಆಗ ಹನುಮವ್ವನಿಗೆ ಎಂಟೋ ಒಂಬತ್ತೋ, ದುರುಗಿಗೆ ಆರು.

"ರಜಾಕಾರರು ಬಂದ್ರು ಅಂತ ಓಣಿಗೆ ಓಣಿನೇ ಸಜ್ಜಿ ಹೊಲ ಹೊಕ್ತು. ಹೊತ್ತು ಮುಳುಗಿತ್ತು. ದುರುಗಿ ಕೈ ತಪ್ಪಿದ್ಲು. ಎಲ್ಲೋ ಆ ಕಡಿಂದ 'ಅಕ್ಕಾ' ಅಂದ್ಲು. ಆಮ್ಯಾಲ ಇನ್ನೊಮ್ಮಿ ಅಂದ್ಲು."

"ನೀವು ಓ ಅನ್ನಲಿಲ್ವಾ?" ಎಂದೆ. ಕೇಳಬಾರದಿತ್ತು.

"ಕತ್ತಲಾದ ಮ್ಯಾಲ ಮೂರು ಸಲ ಕರಿಯೋ ಮಟ ಓ ಅನಬಾರದು, ದೆವ್ವ ಎರಡೇ ಸಲ ಕರೀತದ ಅಂತ ನಮ್ಮವ್ವ ಹೇಳಿಕೊಟ್ಟಿದ್ಲು. ನಾ ಮೂರನೇದಕ್ಕ ಕಾಯ್ಕೋಂತ ಕುಂತೆ."

ದುರುಗಿ ಮತ್ತೆ ಕರೆಯಲಿಲ್ಲ. ಬೆಳಗಾದ ಮೇಲೆ ಹುಡುಕಿದರೂ ಸಿಗಲಿಲ್ಲವಂತೆ. ಹನುಮವ್ವ ಮತ್ತೆ ತೊಗರಿಗೆ ಕೈ ಹಾಕಿದರು.

ಕಡತದಲ್ಲಿ 'ದುರುಗಮ್ಮ, ಆರು ವರ್ಷ' ಎಂದು ಬರೆದು ಓದಿ ಹೇಳಿದೆ.

"ದುರುಗಿ ಅಂತ ಬರಿ. ಅಮ್ಮ ಅನಿಸ್ಕೊಳ್ಳೋವಷ್ಟು ದೊಡ್ಡಾಕಿ ಆಗಲಿಲ್ಲ ಆಕಿ."

ತಿದ್ದಿದೆ.

ನಾಲ್ಕರ ಬಸ್ಸಿಗೆ ಅವರ ಸೊಸೆ ಕಳಿಸಲು ಬಂದರು. ಓಣಿಯ ತಿರುವಿನಲ್ಲಿ ಹಿಂದಿರುಗಿ, ಹೋಗಿಬರುತ್ತೇನೆ ಎನ್ನಲು "ಯವ್ವಾ" ಎಂದೆ. ನನ್ನ ಬಾಯಿ ಮುಚ್ಚುವ ಮೊದಲೇ ಕಟ್ಟೆಯಿಂದ "ಓ" ಎಂದು ಜೋರಾಗಿ ಕೇಳಿಸಿತು.

"ಅತ್ತಿ ಹಂಗ ರೀ," ಸೊಸೆ ನಕ್ಕರು. "ಕತ್ತಲ್ಯಾಗೂ ಯಾರ ಕರದ್ರೂ ಮೊದಲನೇ ಕೂಗಿಗೇ ಓ ಅಂತಾರ. ದೆವ್ವ ಆದ್ರ ಆಗ್ಲಿ ಅಂತಾರ."